ಎಚ್ಚರಿಕೆ ಕೊಟ್ಟಾಗಿದೆ

ವಿಜಯಪುರ ದಾಟಿ ಸೊಲ್ಲಾಪುರದ ರಸ್ತೆ ಹಿಡಿದರೆ, ಕರಿಮಣ್ಣಿನ ಬಯಲಿನಲ್ಲಿ ಕಿಟಕಿಗಳೇ ಇಲ್ಲದ ಒಂದು ಉದ್ದನೆಯ ಕಟ್ಟಡ ಕಾಣುತ್ತಿತ್ತು. ಅದರ ಹೆಸರು ತಟಸ್ಥ ಪರಿಶೀಲನಾ ಕೇಂದ್ರ. ಸುತ್ತಲಿನ ಹಳ್ಳಿಯವರು ಮಾತ್ರ ಅದನ್ನು ಧರ್ಮಕಾಂಟಾ ಎನ್ನುತ್ತಿದ್ದರು. ಲಾರಿ ತೂಗುವ ಧರ್ಮಕಾಂಟಾಗಳು ಆ ರಸ್ತೆಯುದ್ದಕ್ಕೂ ಇದ್ದವು. ಇಲ್ಲಿ ಯುದ್ಧವನ್ನು ತೂಗುತ್ತಾರಂತೆ ಎಂದು ಯಾರೋ ಹೇಳಿದ್ದು ಜನರ ಬಾಯಲ್ಲಿ ಉಳಿದುಬಿಟ್ಟಿತ್ತು.

ಮಾತು ಸುಳ್ಳೇನೂ ಆಗಿರಲಿಲ್ಲ. ಸೆರವ ಮತ್ತು ಓರ್ಮಾಯ ಎಂಬ ಎರಡು ದೂರದ ದೇಶಗಳು ವರ್ಷಗಟ್ಟಲೆ ಕಾದಾಡಿದ್ದವು. ಯುದ್ಧ ನಿಲ್ಲಿಸಲು ಇಬ್ಬರಿಗೂ ಮನಸ್ಸಿರಲಿಲ್ಲ, ಲೋಕದ ಬಾಯಿಗೆ ಬೀಳುವುದೂ ಬೇಕಿರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಯುದ್ಧ ನಡೆಯಲಿ, ಆದರೆ ಯುದ್ಧದ ಕಾನೂನಿನ ಪ್ರಕಾರ ನಡೆಯಲಿ. ಎರಡೂ ಕಡೆಯ ಪ್ರತಿಯೊಂದು ಕ್ಷಿಪಣಿಯೊಳಗೆ ಬೆರಳುಗಾತ್ರದ ಬೀಗವೊಂದನ್ನು ಕೂರಿಸಲಾಯಿತು. ವಿಜಯಪುರದ ಯಂತ್ರ ‘ಅನುಮತಿ ಇದೆ’ ಎಂದರೆ ಮಾತ್ರ ಆ ಬೀಗ ಬಿಚ್ಚುತ್ತಿತ್ತು. ಯಂತ್ರ ಕೇಳುತ್ತಿದ್ದುದು ಕಾನೂನಿನ ಹಳೆಯ ಪ್ರಶ್ನೆಗಳನ್ನೇ. ಹೊಡೆಯಲಿರುವ ಜಾಗ ನಿಜವಾಗಿಯೂ ಸೇನೆಯದೇ? ಅಲ್ಲಿ ಸಾಯಬಹುದಾದ ನಾಗರಿಕರ ಹಾನಿ, ಸಿಗುವ ಲಾಭಕ್ಕೆ ಹೋಲಿಸಿದರೆ ವಿಪರೀತವೇ? ಆ ಹಾನಿ ತಪ್ಪಿಸಲು ಏನೇನು ಮಾಡಬಹುದಿತ್ತೋ ಅದನ್ನು ಮಾಡಲಾಗಿದೆಯೇ? ಉಪಗ್ರಹದ ಚಿತ್ರ, ಫೋನುಗಳ ಸುಳಿವು, ನೆಲದ ಶಾಖ, ಎಲ್ಲವನ್ನೂ ಕೂಡಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಹೇಳುತ್ತಿತ್ತು.

ನೀಲಾಂಬಿಕಾ ಹೂಗಾರ ಅಲ್ಲಿನ ಕಾನೂನು ಪರಿಶೀಲಕರಲ್ಲಿ ಒಬ್ಬಳು. ಯಂತ್ರ ಅನುಮತಿ ಕೊಟ್ಟ ಮೇಲೆ, ಬೀಗ ಬಿಚ್ಚುವ ಮುಂಚೆ, ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಆ ತೀರ್ಮಾನ ಅವಳ ಮುಂದೆ ಇರುತ್ತಿತ್ತು. ಮನಸ್ಸಿಗೆ ಒಪ್ಪದಿದ್ದರೆ ಮೇಜಿನ ಮೇಲಿನ ತಡೆಗುಂಡಿ ಒತ್ತಬಹುದು. ಆದರೆ ಅದನ್ನು ಒತ್ತಿದವರನ್ನು ಅವಳು ಇತ್ತೀಚೆಗೆ ನೋಡಿರಲಿಲ್ಲ. ಯಂತ್ರದ ತೀರ್ಮಾನಗಳು ಅಷ್ಟು ಅಚ್ಚುಕಟ್ಟಾಗಿರುತ್ತಿದ್ದವು.

ಆ ಅಚ್ಚುಕಟ್ಟೇ ಅವಳಿಗೆ ಅನುಮಾನ ತಂದದ್ದು. ಒಂದು ಬೆಳಿಗ್ಗೆ ಸೆರವ ಸೇನೆ, ಓರ್ಮಾಯದ ಒಂದು ಊರಿನ ಹಳೆಯ ನೂಲಿನ ಗಿರಣಿಯನ್ನು ಹೊಡೆಯಲು ಅನುಮತಿ ಕೇಳಿತ್ತು. ಗಿರಣಿಯಲ್ಲಿ ಮದ್ದುಗುಂಡು ಇತ್ತು, ಅದರಲ್ಲಿ ಸಂಶಯವಿರಲಿಲ್ಲ. ಯಂತ್ರ ಬರೆದಿತ್ತು: ‘ಸೇನಾ ಗುರಿ, ಹೌದು. ನಾಗರಿಕರು, ಸೊನ್ನೆ. ಅನುಮತಿ ಇದೆ.’ ಚಿತ್ರದಲ್ಲಿ ಗಿರಣಿಗೆ ಹೊಂದಿಕೊಂಡೇ ಕಾರ್ಮಿಕರ ಮನೆಗಳ ಸಾಲು. ಮಾಳಿಗೆಗಳ ಮೇಲೆ ಹಗ್ಗ, ಹಗ್ಗದ ಮೇಲೆ ಬಟ್ಟೆ.

ಚಿತ್ರಗಳನ್ನು ಓದುವವಳು ಜುಲೇಖಾ ಇನಾಮದಾರ. ಇಂಡಿ ಕಡೆಯ ಹುಡುಗಿ, ನೀಲಾಳ ಪಕ್ಕದ ಮೇಜಿನಲ್ಲೇ ಕೂರುತ್ತಿದ್ದಳು.

“ಜುಲೇಖಾ, ಇಲ್ಲಿ ಯಾರೂ ಇಲ್ಲ ಅನ್ನಾಕತ್ತೈತಿ. ಈ ಬಟ್ಟಿ ಯಾರು ಒಣ ಹಾಕ್ಯಾರ?”

ಜುಲೇಖಾ ಚಿತ್ರವನ್ನು ಹಿಗ್ಗಿಸಿ ನೋಡಿದಳು. “ಸಿಪಾಯಿಗಳೂ ಬಟ್ಟಿ ಒಗೀತಾರಲ್ರಿ ಮೇಡಂ.”

“ಇಷ್ಟು ಮನಿ ತುಂಬ ಸಿಪಾಯಿಗಳು?”

ಜುಲೇಖಾ ಮುಂದಿನ ಮಾಳಿಗೆಯ ಚಿತ್ರ ತೆರೆದಳು. ಅಷ್ಟರಲ್ಲಿ ಸಮಯ ಮುಗಿದು ಪರದೆ ಹಸಿರಾಯಿತು, ಬೀಗ ಬಿಚ್ಚಿತ್ತು. ಆ ಹಸಿರನ್ನು ನೋಡಿದಾಗ, ತಾನು ಕೇಳುವುದರಲ್ಲೇ ಹೊತ್ತು ಕಳೆದೆ, ಕೈ ಮಾಡಬೇಕಾದದ್ದನ್ನು ಮಾಡಲಿಲ್ಲ ಎಂದು ಅವಳಿಗೆ ಹೊಳೆಯಿತು.

ಸಂಜೆ ಮನೆಯಲ್ಲಿ ಅತ್ತೆ ಗುರವ್ವ ಟಿವಿ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸುದ್ದಿಯಲ್ಲಿ ಗಿರಣಿ ಉರಿಯುತ್ತಿತ್ತು. ‘ಕಾನೂನುಬದ್ಧ ದಾಳಿ, ನಾಗರಿಕ ಸಾವಿಲ್ಲ’ ಎಂದು ಕೆಳಗೆ ಅಕ್ಷರಗಳು ಓಡುತ್ತಿದ್ದವು. ಎಡಗಡೆಯ ಮನೆಯ ನಿಂಬಾಳ ಮಾಸ್ತರು ಪೇಪರು ಕೇಳಲು ಬಂದವರು ನಿಂತೇ ನೋಡಿದರು.

“ಕಾಯ್ದೆ ಪ್ರಕಾರ ಆಗೇತಿ ಬಿಡ್ರಿ. ಮೊದಲ ಹಂಗ ಅಲ್ಲ ಈಗ,” ಎಂದರು. “ನಿಮ್ಮ ಸೊಸಿ ಅಂಥಾಕಿ ಅಲ್ಲಿ ಕುಂತಾಳಂದಮ್ಯಾಲ ನಮಗ ಏನ್ ಚಿಂತಿ?”

ಈಗ ಊರಲ್ಲಿ ಎಲ್ಲರೂ ಹೀಗೇ ಮಾತಾಡುತ್ತಿದ್ದರು. ಮೊದಲು ಯುದ್ಧದ ಸುದ್ದಿ ಬಂದರೆ ಜನ ಚಹಾದಂಗಡಿಯಲ್ಲಿ ಜಗಳಾಡುತ್ತಿದ್ದರು, ಯಾರೋ ಒಬ್ಬರಾದರೂ ಛೇ ಎನ್ನುತ್ತಿದ್ದರು. ಯಂತ್ರ ಬಂದ ಮೇಲೆ ‘ಕಾನೂನುಬದ್ಧ’ ಎಂಬ ಒಂದು ಪದ ಓದಿ ಮುಂದಿನ ಸುದ್ದಿಗೆ ಹೋಗುತ್ತಿದ್ದರು. ಮರುಕವನ್ನೂ ಯಂತ್ರಕ್ಕೇ ವಹಿಸಿಕೊಟ್ಟಂತಿತ್ತು.

ನೀಲಾಳ ಗಂಡ ರಾಚಪ್ಪ ಒಳಗಿನಿಂದ ಬಂದವನು, ಟಿವಿ ಕಡೆ ಒಮ್ಮೆ ನೋಡಿ ಚಾನೆಲ್ ಬದಲಿಸಿದ. ಬೇಗ ಬದಲಿಸಿದ ಎನ್ನಿಸಿತು ಅವಳಿಗೆ.

ರಾಚಪ್ಪನದೂ ಅದೇ ಕೇಂದ್ರದಲ್ಲಿ ಕೆಲಸ. ಅವನು ಯಂತ್ರ ವಿಭಾಗದವನು, ಯಂತ್ರಕ್ಕೆ ಕಲಿಸುವವರಲ್ಲಿ ಒಬ್ಬ. ಎರಡೂ ವಿಭಾಗಗಳ ನಡುವೆ ಒಂದು ಉಕ್ಕಿನ ಬಾಗಿಲಿತ್ತು, ಅದು ಸದಾ ಮುಚ್ಚಿರುತ್ತಿತ್ತು. ಯಂತ್ರವನ್ನು ಕಟ್ಟುವವರೂ ಅದರ ತೀರ್ಪು ನೋಡುವವರೂ ಮಾತಾಡಿಕೊಳ್ಳಕೂಡದು ಎಂಬುದು ಅಲ್ಲಿನ ಮೊದಲ ನಿಯಮ. ಗಂಡ ಹೆಂಡತಿ ಅದನ್ನು ಮನೆಯಲ್ಲೂ ಪಾಲಿಸುತ್ತಿದ್ದರು. ಮೊದಮೊದಲು ಅದು ಅವರಿಬ್ಬರಿಗೆ ತಮಾಷೆಯಾಗಿತ್ತು. ಆಮೇಲೆ ಅಭ್ಯಾಸವಾಯಿತು. ಈಗ ಅವನು ಸುಮ್ಮನಿದ್ದಾಗೆಲ್ಲ, ಇವನು ನಿಯಮಕ್ಕಾಗಿ ಸುಮ್ಮನಿದ್ದಾನೋ ಬೇರೇನಕ್ಕೋ ಎಂದು ಅವಳು ಯೋಚಿಸತೊಡಗಿದ್ದಳು.

“ಯಾಕ ಬದಲಿಸಿದಿ?” ಎಂದಳು.

“ಅವ್ವಗ ಧಾರಾವಾಹಿ ನೋಡೋದೈತಿ.”

ಗುರವ್ವ ತಲೆ ಎತ್ತಿ ಮಗನನ್ನು ನೋಡಿದಳು. ಅವಳ ಧಾರಾವಾಹಿ ಶುರುವಾಗಲು ಇನ್ನೂ ಬೇಕಾದಷ್ಟು ಹೊತ್ತಿತ್ತು.

ಮರುದಿನ ನೀಲಾ ಹಿಂದಿನ ತೀರ್ಮಾನಗಳನ್ನು ತೆಗೆದು ನೋಡಿದಳು. ನಾಗರಿಕರು ಸೊನ್ನೆ ಎಂದಿದ್ದ ದಾಳಿಗಳಲ್ಲೆಲ್ಲ ಒಂದು ಸಮಾನ ಅಂಶವಿತ್ತು. ಎಲ್ಲ ಕಡೆಯೂ ದಾಳಿಗೆ ಮುಂಚೆ ಜನರಿಗೆ ಎಚ್ಚರಿಕೆ ಕೊಡಲಾಗಿತ್ತು. ಅದು ಒಳ್ಳೆಯದೇ. ಸಾಧ್ಯವಿದ್ದಾಗ ಮುನ್ನೆಚ್ಚರಿಕೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಆದರೆ ಎಚ್ಚರಿಕೆಗೆ ಮುಂಚೆ ನೂರಾರು ಎಂದಿದ್ದ ಸಂಖ್ಯೆ, ಎಚ್ಚರಿಕೆಯ ಅವಧಿ ಮುಗಿದ ಕೂಡಲೇ ಸೊನ್ನೆಯಾಗುತ್ತಿತ್ತು. ಅಷ್ಟು ಜನ ರಸ್ತೆಗೆ ಬಿದ್ದ ಗುರುತು ಯಾವ ಚಿತ್ರದಲ್ಲೂ ಇರಲಿಲ್ಲ.

ಅವಳು ಯಂತ್ರವನ್ನೇ ಕೇಳಿದಳು. ಯಂತ್ರ ತನ್ನ ಕಾರಣಗಳನ್ನು ಸಾದಾ ಮಾತಿನಲ್ಲಿ ಹೇಳಬಲ್ಲದಾಗಿತ್ತು. ಸಾಮಾನ್ಯವಾಗಿ ಯಾರೂ ಕೇಳುತ್ತಿರಲಿಲ್ಲ, ಅಷ್ಟೇ.

‘ನೂಲಿನ ಗಿರಣಿಯ ಪಕ್ಕದ ಮನೆಗಳಲ್ಲಿ ನಾಗರಿಕರು ಏಕೆ ಸೊನ್ನೆ?’

‘ಎಚ್ಚರಿಕೆ ಕೊಟ್ಟಾಗಿದೆ. ಅವಧಿ ಮುಗಿದಿದೆ. ಉಳಿದವರು ಸ್ವಇಚ್ಛೆಯಿಂದ ಉಳಿದವರು. ಅವರನ್ನು ಎದುರಾಳಿಯ ಸಹಾಯಕರೆಂದು ಗಣಿಸಲಾಗಿದೆ.’

‘ಎಚ್ಚರಿಕೆ ಕೊಟ್ಟದ್ದು ಹೇಗೆ?’

‘ಫೋನ್ ಸಂದೇಶದ ಮೂಲಕ.’

‘ಆ ಊರಿನ ಫೋನ್ ಗೋಪುರಗಳು ಕೆಲಸ ಮಾಡುತ್ತಿದ್ದವೇ?’

‘ಸಂದೇಶ ಕಳುಹಿಸಲಾಗಿದೆ.’

‘ತಲುಪಿದೆಯೇ?’

‘ತಲುಪುವಿಕೆ ನನ್ನ ಪರಿಶೀಲನೆಯ ವಿಷಯವಲ್ಲ.’

ನೀಲಾ ಕುರ್ಚಿಯ ಬೆನ್ನಿಗೆ ಒರಗಿದಳು. ಇಲ್ಲಿಗೆ ಬರುವ ಮುಂಚೆ ಕಾನೂನು ಕಾಲೇಜಿನಲ್ಲಿ ಪಾಠ ಹೇಳುವಾಗ ತಾನು ಮೊದಲ ದಿನವೇ ಹೇಳುತ್ತಿದ್ದ ಮಾತು ನೆನಪಾಯಿತು. ಎಚ್ಚರಿಕೆ ಕೇಳಿದ ಮೇಲೂ ಊರು ಬಿಡದವನು ನಾಗರಿಕನೇ. ಕಾಲಿಲ್ಲದ್ದಕ್ಕೋ, ಹೋಗಲು ಜಾಗವಿಲ್ಲದ್ದಕ್ಕೋ, ಬರೀ ಹಟಕ್ಕೋ ಉಳಿದಿರಲಿ, ಅವನು ಆಯುಧ ಹಿಡಿದು ಕಾದಾಡುವ ತನಕ ನಾಗರಿಕನೇ. ಯಾರೆಂದು ಗೊತ್ತಾಗದೆ ಸಂಶಯ ಬಂದರೂ ನಾಗರಿಕನೆಂದೇ ತಿಳಿಯಬೇಕು. ಇಡೀ ಯುದ್ಧಕಾನೂನಿನಲ್ಲಿ ಸಂಶಯದ ಲಾಭ ಬಡವನಿಗೆ ಸಿಗುವ ಜಾಗ ಅದೊಂದು. ಈ ಯಂತ್ರ ಅದನ್ನು ತಿರುವುಮುರುವು ಮಾಡಿಟ್ಟಿತ್ತು.

ಅವಳು ನಿರ್ದೇಶಕ ಗಲಗಲಿಯವರ ಕೋಣೆಗೆ ಹೋದಳು. ಶ್ರೀನಿವಾಸ ಗಲಗಲಿ ಮೆಲುಮಾತಿನ ಮನುಷ್ಯ. ಅವಳು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಅವರಿಗೆ ಆಶ್ಚರ್ಯವಾಗಲಿಲ್ಲ ಎಂಬುದನ್ನು ಅವಳು ಗಮನಿಸಿದಳು.

“ಕೂಡ್ರಿ ನೀಲಾಂಬಿಕಾ ಅವರ,” ಎಂದರು. “ನೀವು ಹೇಳೋದು ಪುಸ್ತಕದಾಗ ಅದ, ನಾ ಇಲ್ಲ ಅನ್ನಂಗಿಲ್ಲ. ಆದರ ಒಂದು ವಿಚಾರ ಮಾಡ್ರಿ. ಇದನ್ನ ನಾವು ಬಹಿರಂಗ ಮಾಡಿದ್ವಿ ಅಂದ್ರ ಸೆರವ ನಾಳೆನ ಒಪ್ಪಂದ ಮುರೀತದ. ಓರ್ಮಾಯನೂ ಮುರೀತದ. ಬೀಗ ಕಿತ್ತು ಒಗೀತಾರ. ಆಮ್ಯಾಲ ಯಾವ ತಕ್ಕಡಿನೂ ಇರಂಗಿಲ್ಲ. ಸ್ವಲ್ಪ ವಾಲಿದ ತಕ್ಕಡಿ ಛಲೋನೋ, ಏನೂ ಇಲ್ಲದ್ದು ಛಲೋನೋ?”

“ವಾಲಿದ್ದು ಗೊತ್ತಿದ್ದೂ ತೂಗಿದ್ರ ಅದಕ್ಕ ತಕ್ಕಡಿ ಅನ್ನಂಗಿಲ್ರಿ ಸರ್. ಇದು ನಿಮಗ ಮೊದಲ ಗೊತ್ತಿತ್ತೇನು?”

ಗಲಗಲಿ ಕನ್ನಡಕ ತೆಗೆದು ಒರೆಸಿದರು. “ಮನ್ಯಾಗ ಈ ಮಾತು ಆಡೀರೇನು?”

“ಇಲ್ಲ.”

“ಆಡಬ್ಯಾಡ್ರಿ. ನಿಯಮ ಅದ. ಮತ್ತ…” ಅವರು ಮಾತು ಹುಡುಕುತ್ತಿರುವಂತೆ ಮಾಡಿದರು. “ಯಂತ್ರ ಹೆಂಗ ಕಲೀತದ ಅನ್ನೋದು ನಮಗಿಂತ ನಿಮ್ಮ ಯಜಮಾನರಿಗೇ ಛಲೋ ಗೊತ್ತದ.”

ಆ ಮಾತನ್ನು ಅವರು ಬೇಕೆಂದೇ ಎಸೆದಿದ್ದರು, ಅದು ಅವಳಿಗೆ ತಿಳಿಯಿತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಅನುಮಾನಿಸುತ್ತ ಕೂತರೆ ಮೂರನೆಯವರನ್ನು ಅನುಮಾನಿಸಲು ಪುರುಸೊತ್ತಿರುವುದಿಲ್ಲ. ತಿಳಿದರೂ ಆ ಮಾತು ಮನಸ್ಸಿನಲ್ಲಿ ನೆಟ್ಟುಬಿಟ್ಟಿತು.

ಅಂದು ಸಂಜೆ ರಾಚಪ್ಪ ಮಾಳಿಗೆಯ ಮೇಲೆ ನೀರಿನ ಟಾಕಿ ತೊಳೆಯುತ್ತಿದ್ದ. ಅವಳು ಮೆಟ್ಟಿಲು ಹತ್ತಿ ಹೋಗಿ ಅವನ ಎದುರು ನಿಂತಳು.

“ಉಳದವರು ನಾಗರಿಕರಲ್ಲ ಅಂತ ಅದಕ್ಕ ಯಾರು ಕಲಿಸಿದ್ರು?”

ಅವನ ಕೈಯಲ್ಲಿದ್ದ ಬ್ರಶ್ಶು ನಿಂತಿತು. “ನಾವು ಮಾತಾಡಬಾರದು, ನೀಲಾ.”

“ಇಷ್ಟು ದಿನ ಆಡಿಲ್ಲ. ಯಾರು ಕಲಿಸಿದ್ರು? ನೀನಾ?”

ಅವನು ಟಾಕಿಯ ಅಂಚಿನ ಮೇಲೆ ಕೂತ. ಬ್ರಶ್ಶನ್ನು ಬಕೆಟ್ಟಿಗೆ ಹಾಕಿದ. ಆಮೇಲೆ ಹೇಳಿದ: “ಯಾರೂ ಕಲಿಸಿಲ್ಲ. ಅದೇ ಕಲೀತು. ಪರಿಶೀಲಕರು ಯಾವುದನ್ನ ತಡೀತಾರ, ಯಾವುದನ್ನ ಬಿಡ್ತಾರ ಅನ್ನೋದನ್ನ ನೋಡಿ ಅದು ಕಲೀತೈತಿ. ಎಚ್ಚರಿಕಿ ಕೊಟ್ಟಾಗೇತಿ ಅಂತ ಇದ್ದದ್ದನ್ನ ಯಾರೂ ತಡೀಲೇ ಇಲ್ಲ. ಒಂದನ್ನೂ ತಡೀಲಿಲ್ಲ. ಹಂಗಂದ್ರ ಎಚ್ಚರಿಕಿ ಆದಮ್ಯಾಲ ಅಲ್ಲಿರೋ ಮಂದಿ ಲೆಕ್ಕಕ್ಕಿಲ್ಲ ಅಂತ ಅದು ತಿಳ್ಕೊಂಡ್ತು. ಅದರ ತಪ್ಪಲ್ಲ ಅದು.”

“ನಿನಗ ಯಾವಾಗ ಗೊತ್ತಾತು?”

“ಮಳಿಗಾಲದಾಗ.”

“ಈಗ ಎಳ್ಳಮಾವಾಸಿ ಬಂತು.”

“ಗಲಗಲಿ ಸಾಹೇಬ್ರಿಗೆ ಹೇಳಿದ್ನಿ. ಅವರು ಸುಮ್ಮನಿರು, ನಾ ನೋಡ್ಕೋತೀನಿ ಅಂದ್ರು.”

“ನೀನು ಸುಮ್ಮನಿದ್ದಿ.”

“ಹೌದು.”

“ಒಂದ ತಾಟಿನ್ಯಾಗ ಊಟ ಮಾಡ್ಕೋತ ಸುಮ್ಮನಿದ್ದಿ.”

ಅವನು ತಲೆ ತಗ್ಗಿಸಿದ. ಅವನು ಹೇಳಿದ್ದು ನಿಜವೋ, ಅರ್ಧ ನಿಜವೋ, ಗಲಗಲಿಯವರು ಹೇಳಿಕೊಟ್ಟದ್ದೋ ಅವಳಿಗೆ ನಿರ್ಧರಿಸಲಾಗಲಿಲ್ಲ. ಪರಿಶೀಲಕರು ಎಂದನಲ್ಲ, ಅವರಲ್ಲಿ ತಾನೂ ಒಬ್ಬಳು ಎಂಬುದು ಮಾತ್ರ ಕೆಳಗಿಳಿಯುವಾಗ ಮೆಟ್ಟಿಲು ಮೆಟ್ಟಿಲಿಗೂ ಚುಚ್ಚಿತು.

ಎಳ್ಳಮಾವಾಸ್ಯೆ ಕಳೆದ ಮೇಲೆ, ಒಂದು ಮಧ್ಯಾಹ್ನ, ಸಾಲ್ಮೀರ್ ಎಂಬ ಊರಿನ ಮೇಲೆ ದಾಳಿಗೆ ಸೆರವದಿಂದ ಕೋರಿಕೆ ಬಂತು. ಊರ ಹೊರಗೆ ಓರ್ಮಾಯ ಸೇನೆಯ ಇಂಧನ ಸಂಗ್ರಹವಿತ್ತು. ದೊಡ್ಡ ಟ್ಯಾಂಕುಗಳು, ಕಾವಲು, ಲಾರಿಗಳ ಸಾಲು. ನಿಜವಾದ ಸೇನಾ ಗುರಿ. ಅದರ ಬೇಲಿಗೆ ತಾಗಿಕೊಂಡು ಒಂದು ಆಸ್ಪತ್ರೆ. ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರನ್ನು ಮತ್ತೆ ನಡೆಸುವ ಆಸ್ಪತ್ರೆ ಅದು. ಯಂತ್ರ ಬರೆಯಿತು: ‘ಎಚ್ಚರಿಕೆ ಕೊಟ್ಟಾಗಿದೆ. ನಾಗರಿಕರು, ಸೊನ್ನೆ. ಅನುಮತಿ ಇದೆ.’

“ಮೇಡಂ,” ಎಂದಳು ಜುಲೇಖಾ. ಅವಳ ದನಿ ಬದಲಾಗಿತ್ತು. “ಅಂಗಳದಾಗ ಗಾಲಿ ಕುರ್ಚಿ ಅದಾವ್ರಿ. ನೆರಳು ನೋಡ್ರಿ. ಬಿಸಿಲಿಗೆ ಕುಂತಾರ.”

“ಫೋನ್ ಗೋಪುರ?”

“ಊರಿಗೆ ಊರೇ ಕರೆಂಟ್ ಇಲ್ರಿ, ಗೋಪುರನೂ ಬಂದ್ ಐತಿ. ಕರೆಂಟ್ ಸ್ಟೇಶನ್ ಹೋದ ವಾರ ಹೋಗೇತಿ. ನಾವೇ ಅನುಮತಿ ಕೊಟ್ಟದ್ದು.”

ನೀಲಾ ತಡೆಗುಂಡಿ ಒತ್ತಿದಳು. ಒತ್ತುವುದು ಅಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ. ಪರದೆ ಹಳದಿಯಾಯಿತು. ಹಾಲ್‌ನಲ್ಲಿದ್ದ ಎಲ್ಲರೂ ಅವಳ ಕಡೆ ತಿರುಗಿದರು. ಗಲಗಲಿ ಕೋಣೆಯಿಂದ ಬಂದರು, ಓಡಿ ಬರಲಿಲ್ಲ, ಎಂದಿನಂತೆ ನಡೆದೇ ಬಂದರು. ನಿರ್ದೇಶಕರು ಒಪ್ಪದಿದ್ದರೆ ತಡೆ ತಾನಾಗಿಯೇ ತೆರವಾಗುತ್ತಿತ್ತು.

“ಇಂಧನ ಡಿಪೊ ಸೇನಾ ಗುರಿ ಹೌದಲ್ಲ?” ಎಂದರು.

“ಹೌದ್ರಿ.”

“ಮತ್ತ ಯಾಕ ತಡೆದ್ರಿ?”

“ಹೊಡೀಬ್ಯಾಡ್ರಿ ಅಂತ ನಾ ಅನ್ನಾಕತ್ತಿಲ್ಲ ಸರ್. ತೂಗ್ರಿ ಅನ್ನಾಕತ್ತೀನಿ. ಆ ಅಂಗಳದಾಗಿರೋ ಮಂದಿನ ತಕ್ಕಡ್ಯಾಗ ಇಟ್ಟು ಒಂದ ಸರ್ತಿ ತೂಗ್ರಿ. ಆಮ್ಯಾಲೂ ಅನುಮತಿ ಬಂದ್ರ ನಾ ಕೈ ತಗೀತೀನಿ.”

“ಹಂಗ ತೂಗಬೇಕಂದ್ರ ಯಂತ್ರ ಕಲ್ತದ್ದನ್ನ ಮರಸಬೇಕು. ಆ ಅಧಿಕಾರ ಈ ಕಡೆ ಯಾರಿಗೂ ಇಲ್ಲ.”

“ಆ ಕಡೆ ಐತಿ.”

ಅವಳು ಎದ್ದು ಉಕ್ಕಿನ ಬಾಗಿಲಿನ ಬಳಿ ಹೋಗಿ ಅಂಗೈಯಿಂದ ಬಡಿದಳು. ಆ ಬಾಗಿಲನ್ನು ಯಾರೂ ಬಡಿದದ್ದಿಲ್ಲ. ಒಳಗೆ ರಾಚಪ್ಪನಿದ್ದ. ತೆರೆಯುತ್ತಾನೆಂಬ ಭರವಸೆ ಅವಳಿಗಿರಲಿಲ್ಲ. ಮಾಳಿಗೆಯ ಮೇಲಿನ ಆ ಸಂಜೆಯ ನಂತರ ಅವರು ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟೇ ಮಾತಾಡಿದ್ದರು. ಅವಳು ಹೆಸರು ಹಿಡಿದು ಕರೆಯಲಿಲ್ಲ. “ಯಂತ್ರ ವಿಭಾಗ, ಬಾಗಿಲು ತೆಗೀರಿ,” ಎಂದಳು.

ಬಾಗಿಲು ತೆರೆಯಿತು. ರಾಚಪ್ಪ ಹೊಸ್ತಿಲಲ್ಲಿ ನಿಂತಿದ್ದ. ಅವನ ಹಿಂದೆ ಅವನ ಸಹೋದ್ಯೋಗಿಗಳು ಕುರ್ಚಿಗಳಿಂದ ಅರ್ಧ ಎದ್ದಿದ್ದರು.

“ರಾಚಪ್ಪ,” ಎಂದರು ಗಲಗಲಿ, “ಹೊಸ್ತಿಲ ದಾಟಿದ್ರ ನಿಮ್ಮ ನೌಕರಿ ಇವತ್ತ ಮುಗೀತದ.”

ರಾಚಪ್ಪ ಹೆಂಡತಿಯ ಮುಖ ನೋಡಿದ. ಅವಳು ಬಾ ಎನ್ನಲಿಲ್ಲ. ಬೇಡವೆಂದೂ ಅನ್ನಲಿಲ್ಲ. ಅವನು ದಾಟಿ ಬಂದು, ತಡೆದ ಕೋರಿಕೆ ತೆರೆದಿದ್ದ ಅವಳ ಮೇಜಿನ ಮುಂದೆ ಕೂತು, ತನ್ನ ವಿಭಾಗದ ಗುರುತಿನಿಂದ ಯಂತ್ರದ ಒಳಹೊಕ್ಕ. ಯಂತ್ರ ತಾನಾಗಿ ಕಲಿತಿದ್ದ ಆ ಒಂದು ರೂಢಿಯನ್ನು ಬೇರ್ಪಡಿಸಿ ಪಕ್ಕಕ್ಕಿಟ್ಟು, ಅದೇ ಕೋರಿಕೆಯನ್ನು ಮತ್ತೆ ಕೊಟ್ಟ. ಅವಳು ಅವನ ಹಿಂದೆ ನಿಂತು ಪರದೆ ನೋಡುತ್ತಿದ್ದಳು.

ಈ ಸಲ ಯಂತ್ರ ತುಸು ಹೊತ್ತು ತೆಗೆದುಕೊಂಡಿತು. ‘ನಾಗರಿಕರು, ಇನ್ನೂರಕ್ಕೂ ಹೆಚ್ಚು. ಬಹುಪಾಲು ಚಲಿಸಲಾಗದವರು. ಸಂರಕ್ಷಿತ ಆಸ್ಪತ್ರೆ. ಹಾನಿ ವಿಪರೀತ. ಅನುಮತಿ ಇಲ್ಲ.’

ಹಾಲ್‌ನಲ್ಲಿದ್ದವರು ಪರದೆಯ ಸುತ್ತ ಸೇರಿದರು. ಎಲ್ಲರೂ ಓದಿಯಾಗಿತ್ತು. ಓದಿದ ಮೇಲೆ ಅದನ್ನು ಓದಿಲ್ಲವೆನ್ನಲು ಗಲಗಲಿಯವರಿಗೂ ಆಗಲಿಲ್ಲ. ಅವರು ತಡೆಯನ್ನು ಒಪ್ಪಿದರು.

ಸೆರವ ಒಪ್ಪಂದ ಮುರಿಯುತ್ತದೆಂದು ಎಲ್ಲರೂ ಕಾದರು. ಮುರಿಯಲಿಲ್ಲ. ಸಿಟ್ಟಿನ ಹೇಳಿಕೆ ಬಂತು, ಅಷ್ಟೇ. ‘ಕಾನೂನುಬದ್ಧ’ ಎಂಬ ಪದ ಅವರಿಗೂ ಬೇಕಾಗಿತ್ತು. ತಟಸ್ಥ ಪರಿಹಾರ ಸಂಸ್ಥೆಯೊಂದು ನಡುವೆ ಬಂದು ಅರ್ಧ ದಿನದ ವಿರಾಮ ಕೊಡಿಸಿತು. ಬಸ್ಸುಗಳಲ್ಲಿ, ಟ್ರಾಕ್ಟರುಗಳಲ್ಲಿ ರೋಗಿಗಳನ್ನು ಆಚೆಯ ಊರಾದ ಕೆಹಾನಿಗೆ ಸಾಗಿಸಿದರು. ಆ ಕೆಲಸ ನಡೆಸಿದ ಮರಿಯಾನ್ ಎಂಬ ದಾದಿಯೊಡನೆ ನೀಲಾ ಉಪಗ್ರಹ ಫೋನಿನಲ್ಲಿ ಹರುಕು ಇಂಗ್ಲಿಷಿನಲ್ಲಿ ಮಾತಾಡಿದಳು. ಕೊನೆಯ ರೋಗಿ ಹೊರಟ ಮೇಲೆ ಡಿಪೊ ಉರಿಯಿತು. ಅದಕ್ಕೆ ನೀಲಾ ತಡೆ ಹಾಕಲಿಲ್ಲ. ಟ್ಯಾಂಕುಗಳ ಕಾವಲಿಗಿದ್ದ ಸಿಪಾಯಿಗಳು ಸತ್ತರು. ಕಾನೂನು ಅದನ್ನು ಬೇಡವೆನ್ನುವುದಿಲ್ಲ. ಅಂದು ಅವಳಿಗೆ ಊಟ ಸೇರಲಿಲ್ಲ.

ರಾಚಪ್ಪನ ನೌಕರಿ ಹೋಯಿತು. ಗಲಗಲಿಯವರದು ಉಳಿಯಿತು. ಯಂತ್ರವನ್ನು ತಿದ್ದಲಾಯಿತು. ಇನ್ನು ಮುಂದೆ ಎಚ್ಚರಿಕೆ ಕಳುಹಿಸಿದರೆ ಸಾಲದು, ತಲುಪಿದ್ದಕ್ಕೆ ಪುರಾವೆ ಬೇಕು ಎಂಬ ಹೊಸ ನಿಯಮ ಬಂತು. ಗಲಗಲಿಯವರೇ ಪತ್ರಿಕೆಯವರನ್ನು ಕರೆದು ಅದನ್ನು ಹೇಳಿದರು, ತಾವೇ ಕಂಡುಹಿಡಿದವರಂತೆ.

ಮನೆಯಲ್ಲಿ ಈಗ ಯಾವ ನಿಯಮವೂ ಇರಲಿಲ್ಲ. ರಾಚಪ್ಪ ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳುತ್ತಿದ್ದ, ಸಂಜೆ ಮಾತಾಡುತ್ತಿದ್ದ, ಕೇಳದಿದ್ದರೂ ಹೇಳುತ್ತಿದ್ದ. ನೀಲಾ ಕೇಳಿಸಿಕೊಳ್ಳುತ್ತಿದ್ದಳು. ಮಳೆಗಾಲದಿಂದ ಎಳ್ಳಮಾವಾಸ್ಯೆಯವರೆಗಿನ ಅವನ ಮೌನ ಅವರಿಬ್ಬರ ನಡುವೆ ಇನ್ನೂ ಕೂತಿತ್ತು.

“ಅವ ದಾಟಿ ಬಂದ್ನಲ್ಲ,” ಎಂದಳು ಒಮ್ಮೆ ಗುರವ್ವ, ರೊಟ್ಟಿ ಬಡಿಯುತ್ತ.

“ಹೌದ್ರಿ ಅತ್ತಿ, ಬಂದ.”

“ಮತ್ತ?”

“ಬರೂದು ತಡಾತು,” ಎಂದಳು ನೀಲಾ. ಗುರವ್ವ ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

ಯುಗಾದಿಯ ಹೊತ್ತಿಗೆ, ರೋಗಿಗಳನ್ನು ಸಾಗಿಸಿದ್ದ ಆ ಕೆಹಾನಿಯ ಹೆಸರಿನಲ್ಲೇ ಸೆರವದಿಂದ ಕೋರಿಕೆ ಬಂತು. ಊರ ನಡುವಿನ ಸೇತುವೆ, ಅದರ ಮೇಲೆ ಸೇನೆಯ ಓಡಾಟ. ಎಲ್ಲವೂ ಹೊಸ ನಿಯಮದ ಪ್ರಕಾರವಿತ್ತು. ‘ಎಚ್ಚರಿಕೆ ಕೊಟ್ಟಾಗಿದೆ. ಎಲ್ಲ ಫೋನುಗಳಿಗೂ ತಲುಪಿದೆ. ನಿವಾಸಿಗಳು ತೆರಳಿದ್ದಾರೆ. ಅನುಮತಿ ಇದೆ.’

ಎಲ್ಲ ಫೋನುಗಳಿಗೂ. ನೀಲಾ ಆ ಸಾಲನ್ನು ಮತ್ತೊಮ್ಮೆ ಓದಿದಳು. ಶಾಂತವಾಗಿರುವ ವಿಜಯಪುರದಲ್ಲಿ ಕೂಡ ಒಂದು ಸಂದೇಶ ಎಲ್ಲ ಫೋನುಗಳಿಗೂ ತಲುಪುವುದಿಲ್ಲ. ಯಾರದೋ ಬ್ಯಾಟರಿ ಸತ್ತಿರುತ್ತದೆ, ಯಾರೋ ಬಾವಿಯ ಕಡೆ ಹೋಗಿರುತ್ತಾರೆ. ತಲುಪಿದ್ದಕ್ಕೆ ಪುರಾವೆ ಕೇಳಿದ್ದರು, ಪುರಾವೆ ಬಂದಿತ್ತು. ಅದನ್ನು ಯಾರು ತಯಾರಿಸಿದರು ಎಂದು ಯಂತ್ರ ಕೇಳಿರಲಿಲ್ಲ.

“ಜುಲೇಖಾ, ಚಿತ್ರದಾಗ ಏನ್ ಕಾಣತೈತಿ?”

“ಮೋಡ ಮುಸುಕೇತ್ರಿ ಮೇಡಂ. ಏನೂ ಕಾಣವಲ್ದು.”

ನೀಲಾ ಯಂತ್ರವನ್ನು ಕೇಳಲಿಲ್ಲ, ಗಲಗಲಿಯವರನ್ನೂ ಕೇಳಲಿಲ್ಲ. ತಡೆಗುಂಡಿಯ ಮೇಲೆ ಎಡಗೈ ಇಟ್ಟು, ಬಲಗೈಯಿಂದ ಉಪಗ್ರಹ ಫೋನು ಎತ್ತಿ ಮರಿಯಾನಳ ಸಂಖ್ಯೆ ಒತ್ತಿದಳು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಪಾತ್ರೆಗಳ ಸದ್ದಿನ ನಡುವೆ ಒಂದು ದನಿ, ಏದುಸಿರಿನ ದನಿ.

“ಮರಿಯಾನ್, ನಾನು ಪರಿಶೀಲನಾ ಕೇಂದ್ರದಿಂದ. ನೀವು ಎಲ್ಲಿದ್ದೀರಿ?”

“ಕೆಹಾನಿಯಲ್ಲಿ. ಸೇತುವೆ ಪಕ್ಕದ ಶಾಲೆಯಲ್ಲಿ. ಎಲ್ಲರಿಗೂ ಊಟ ಬಡಿಸುತ್ತಿದ್ದೇವೆ. ಏಕೆ?”

“ನಿಮಗೆ ಎಚ್ಚರಿಕೆ ತಲುಪಿದೆಯೇ?”

ಅತ್ತ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

“ಯಾವ ಎಚ್ಚರಿಕೆ?” ಎಂದಳು ಮರಿಯಾನ್.

ನೀಲಾ ಗುಂಡಿ ಒತ್ತಿ ಹಿಡಿದಳು. “ಫೋನ್ ಇಡಬೇಡಿ,” ಎಂದಳು. “ಅಲ್ಲಿರುವವರೆಲ್ಲ ಯಾರು ಯಾರು, ಒಬ್ಬೊಬ್ಬರನ್ನೇ ಹೇಳಿ, ಎಲ್ಲರನ್ನೂ ಲೆಕ್ಕಕ್ಕೆ ಸೇರಿಸಬೇಕು.”